ಕೋಟು, ಬೆಟ್ಟದ ಮನೆ, ಜೋಲೀನ್: ಡಾಲಿ ಪಾರ್ಟನ್ ಅವರ ಯಾವ ಆಲ್ಬಂಗೆ ಮರಳಬೇಕು?

ಅಮೆರಿಕದ ಹಳ್ಳಿಗಾಡಿನ ಜನಪದದಿಂದ ಬೆಳೆದ ಕಂಟ್ರಿ ಸಂಗೀತದಲ್ಲಿ ಸ್ವಂತ ಹಾಡುಗಳನ್ನು ಬರೆದು ಹಾಡಿದ ಗಾಯಕಿಯರ ಹಳೆಯ ಆಲ್ಬಂಗಳಿಗೆ ಮರಳಲು ಹೊರಟವರು ಹೆಚ್ಚಾಗಿ ಡಾಲಿ ಪಾರ್ಟನ್ ಅವರ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಿಂತ ಮೇಲೆ ಯಾವುದನ್ನು ಎತ್ತಿಕೊಳ್ಳುವುದೆಂದು ತಿಳಿಯದೆ ತಬ್ಬಿಬ್ಬಾಗುತ್ತಾರೆ. ಅವರ ಆಲ್ಬಂಗಳ ಸಾಲು ಅಷ್ಟು ಉದ್ದವಾದುದು. ಎಪ್ಪತ್ತರ ದಶಕದ ಮೊದಲ ವರ್ಷಗಳಿಗಷ್ಟೇ ಹುಡುಕಾಟವನ್ನು ಸೀಮಿತಗೊಳಿಸಿದರೆ ಪ್ರಶ್ನೆ ಮೂರು ಆಲ್ಬಂಗಳಿಗೆ ಇಳಿಯುತ್ತದೆ: 1971ರ ‘ಕೋಟ್ ಆಫ್ ಮೆನಿ ಕಲರ್ಸ್’, 1973ರ ‘ಮೈ ಟೆನೆಸೀ ಮೌಂಟನ್ ಹೋಮ್’ ಮತ್ತು 1974ರ ‘ಜೋಲೀನ್’. ಮೂರನ್ನೂ ಹೊರತಂದದ್ದು ಆರ್‌ಸಿಎ ಕಂಪನಿ, ಮೂರಕ್ಕೂ ನಿರ್ಮಾಪಕರು ಬಾಬ್ ಫರ್ಗ್ಯುಸನ್. ಹೀಗೆ ಮನೆ ಒಂದೇ, ಕೈ ಒಂದೇ, ಕಾಲದ ಅಂತರವೂ ಮೂರು ವರ್ಷಕ್ಕಿಂತ ಕಡಿಮೆ. ಆದುದರಿಂದಲೇ ಇವುಗಳ ನಡುವಿನ ವ್ಯತ್ಯಾಸ ಮೇಲ್ನೋಟಕ್ಕೆ ಕಾಣುವುದಿಲ್ಲ. ಇವುಗಳ ಪಕ್ಕದಲ್ಲಿ, ಅದೇ ಬಗೆಯ ಬೆಟ್ಟದ ಬಡತನದಿಂದ ಬಂದ ಲೊರೆಟ್ಟಾ ಲಿನ್ ಅವರ ‘ಕೋಲ್ ಮೈನರ್ಸ್ ಡಾಟರ್’ ಅನ್ನೂ ಇಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ.

ಹೊಸಬರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ‘ಜೋಲೀನ್’ನಿಂದ ಆರಂಭಿಸಿ ಎಂಬುದು. ಆ ಸಲಹೆ ತಪ್ಪಲ್ಲ, ಆದರೆ ಅದು ಎರಡು ಹಾಡುಗಳ ಖ್ಯಾತಿಯನ್ನು ನೋಡಿ ಕೊಟ್ಟ ಸಲಹೆ. ಇಡಿಯಾಗಿ ಕೇಳಬೇಕಾದ ಒಂದು ಆಲ್ಬಂ ಬೇಕೆಂದರೆ, ಅದರಲ್ಲಿಯೂ ಹಿಂದೊಮ್ಮೆ ಕೇಳಿ ಬಿಟ್ಟುದನ್ನು ಈಗ ಗಮನವಿಟ್ಟು ಮತ್ತೆ ಕೇಳಬೇಕೆಂದರೆ, ‘ಕೋಟ್ ಆಫ್ ಮೆನಿ ಕಲರ್ಸ್’ ಮೊದಲು ಬರಬೇಕೆಂಬುದು ನನ್ನ ನಿಲುವು. ಶೀರ್ಷಿಕೆ ಗೀತೆಯ ಮಾಧುರ್ಯವಷ್ಟೇ ಅದಕ್ಕೆ ಕಾರಣವಲ್ಲ. ಆ ಮಾಧುರ್ಯವನ್ನು ಆಲ್ಬಂನ ಉಳಿದ ಹಾಡುಗಳು ಒಂದೊಂದಾಗಿ ಪರೀಕ್ಷೆಗೆ ಒಡ್ಡುತ್ತವೆ ಎಂಬುದು ನಿಜವಾದ ಕಾರಣ.

ಕೋಟಿನ ಕಥೆ

ಡಾಲಿ ಪಾರ್ಟನ್ ಹುಟ್ಟಿದ್ದು 1946ರ ಜನವರಿ 19ರಂದು, ಪೂರ್ವ ಟೆನೆಸೀಯ ಸ್ಮೋಕಿ ಬೆಟ್ಟಗಳ ಸವೀರ್ ಕೌಂಟಿಯಲ್ಲಿ, ಹನ್ನೆರಡು ಮಕ್ಕಳ ಕುಟುಂಬದ ನಾಲ್ಕನೆಯವರಾಗಿ. ತಂದೆ ರಾಬರ್ಟ್ ಲೀ ಓದು ಬರಹ ಬಾರದ ರೈತ. ತಾಯಿ ಏವಿ ಲೀ ಹಳೆಯ ಕಥನಗೀತೆಗಳಾದ ಬ್ಯಾಲಡ್‌ಗಳನ್ನು ಹಾಡುತ್ತಿದ್ದ ಹೆಣ್ಣುಮಗಳು. 1964ರಲ್ಲಿ ಪ್ರೌಢಶಾಲೆಯ ಪದವಿ ಸಮಾರಂಭದ ಮರುದಿನವೇ ಡಾಲಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ಗೆ ಬಸ್ಸು ಹತ್ತಿದರು. 1967ರಲ್ಲಿ ಪೋರ್ಟರ್ ವ್ಯಾಗನರ್ ಅವರ ಟೆಲಿವಿಷನ್ ಕಾರ್ಯಕ್ರಮಕ್ಕೆ ಸೇರಿದರು. ಥಳಥಳಿಸುವ ಕಸೂತಿ ಸೂಟುಗಳಿಗೆ ಹೆಸರಾದ ವ್ಯಾಗನರ್ ಅಂದಿನ ದೊಡ್ಡ ತಾರೆ. ಡಾಲಿ ಅವರ ಜೊತೆಗಾತಿ ಗಾಯಕಿ.

1969ರಲ್ಲಿ ವ್ಯಾಗನರ್ ಅವರ ಪ್ರವಾಸದ ಬಸ್ಸಿನಲ್ಲಿ ಕುಳಿತಿದ್ದಾಗ ಡಾಲಿಗೆ ಬಾಲ್ಯದ ಕೋಟಿನ ಹಾಡು ಹೊಳೆಯಿತು. ಬರೆಯಲು ಕಾಗದ ಸಿಗಲಿಲ್ಲ. ವ್ಯಾಗನರ್ ಅವರ ಸೂಟನ್ನು ಡ್ರೈ ಕ್ಲೀನಿಂಗ್‌ಗೆ ಕೊಟ್ಟಿದ್ದ ರಸೀದಿಯ ಹಿಂಬದಿಯಲ್ಲಿ ಅವರು ಸಾಲುಗಳನ್ನು ಗೀಚಿಕೊಂಡರು. ಹಾಡು ಜನಪ್ರಿಯವಾದ ಮೇಲೆ ವ್ಯಾಗನರ್ ಆ ರಸೀದಿಗೆ ಚೌಕಟ್ಟು ಹಾಕಿಸಿದರು. ಬೆಲೆಬಾಳುವ ಸೂಟಿನ ರಸೀದಿಯ ಬೆನ್ನ ಮೇಲೆ ಚಿಂದಿಬಟ್ಟೆಯ ಕೋಟಿನ ಹಾಡು ಹುಟ್ಟಿತೆಂಬುದು ಯಾರಾದರೂ ಕಟ್ಟಿದ ಕಥೆಯಂತೆ ಕೇಳಿಸುತ್ತದೆ, ಆದರೆ ನಡೆದದ್ದು ಹಾಗೆಯೇ.

ಹಾಡಿನ ಕಥೆ ಸರಳ. ಯಾರೋ ಒಂದು ಪೆಟ್ಟಿಗೆ ತುಂಬ ತುಂಡುಬಟ್ಟೆ ಕೊಡುತ್ತಾರೆ. ಚಳಿಗಾಲ ಹತ್ತಿರ ಬರುತ್ತಿದೆ, ಮಗಳಿಗೆ ಕೋಟಿಲ್ಲ. ತಾಯಿ ತುಂಡುಗಳನ್ನು ಜೋಡಿಸಿ ಹೊಲಿಯುತ್ತ, ಬೈಬಲ್ಲಿನ ಯೋಸೇಫನಿಗೆ ಅವನ ತಂದೆ ತೊಡಿಸಿದ ಬಣ್ಣಬಣ್ಣದ ಅಂಗಿಯ ಕಥೆ ಹೇಳುತ್ತಾಳೆ. ಮಗಳು ಅದನ್ನು ಹೆಮ್ಮೆಯಿಂದ ತೊಟ್ಟು ಶಾಲೆಗೆ ಹೋಗುತ್ತಾಳೆ, ಮಕ್ಕಳು ನಗುತ್ತಾರೆ. ಉತ್ತರ ಕರ್ನಾಟಕದ ಕೌದಿ ಹೊದ್ದು ಬೆಳೆದವರಿಗೆ ಈ ಹೊಲಿಗೆಯ ಕೆಲಸವನ್ನು ವಿವರಿಸಬೇಕಾಗಿಲ್ಲ. ಆದರೆ ಕೌದಿ ಮನೆಯೊಳಗಿನ ಹೊದಿಕೆ, ಕೋಟು ನಾಲ್ಕು ಜನರ ಮುಂದೆ ತೊಟ್ಟು ಹೋಗುವ ಬಟ್ಟೆ; ಆ ನಗು ಹುಟ್ಟುವುದು ಈ ವ್ಯತ್ಯಾಸದಲ್ಲಿಯೇ. ಮನೆಯ ಪ್ರೀತಿಗೆ ಬೀದಿಯಲ್ಲಿ ಬೆಲೆಯಿಲ್ಲವೆಂದು ಮಗುವಿಗೆ ಗೊತ್ತಾಗುವ ದಿನದ ಹಾಡು ಅದು. ಬಡತನವೆಂಬುದು ನಾವು ಹಾಗೆಂದುಕೊಂಡರೆ ಮಾತ್ರ ಎಂಬರ್ಥದ ಮಾತು ಹಾಡಿನ ಕೊನೆಯಲ್ಲಿ ಬರುತ್ತದೆ. ಇಂದಿನ ಕೇಳುಗರಿಗೆ ಅದು ಕಸಿವಿಸಿ ಉಂಟುಮಾಡಬಹುದು. ಅದನ್ನು ಹಾಡಿನ ತೀರ್ಪೆಂದು ತೆಗೆದುಕೊಳ್ಳದೆ, ಅವಮಾನಗೊಂಡ ಮಗುವೊಂದು ನಗುವವರ ಮುಂದೆ ಹೂಡುವ ವಾದವೆಂದು ಕೇಳಿಸಿಕೊಳ್ಳಬೇಕು. ಆ ವಾದ ಗೆಲ್ಲುವುದೂ ಇಲ್ಲ. ಕೇಳಿದ ಮಕ್ಕಳಿಗೆ ಅದು ಅರ್ಥವಾಗಲಿಲ್ಲವೆಂಬುದನ್ನು ಹಾಡು ಮುಚ್ಚಿಡುವುದಿಲ್ಲ.

ಹಾಡು ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನದವರೆಗೆ ಹೋಯಿತು. ಅದೇ ವರ್ಷದ ಆರಂಭದಲ್ಲಿ ಡಾಲಿ ಅವರ ‘ಜೋಶುವಾ’ ಮೊದಲ ಸ್ಥಾನ ಪಡೆದಿತ್ತಾದ್ದರಿಂದ ಲೆಕ್ಕಾಚಾರದಲ್ಲಿ ಇದು ಅದಕ್ಕಿಂತ ಸಣ್ಣ ಗೆಲುವು. ಇಂದು ‘ಜೋಶುವಾ’ವನ್ನು ನೆನೆಯುವವರು ಕಡಿಮೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕಾಪಾಡಬೇಕಾದ ಧ್ವನಿಮುದ್ರಣಗಳ ತನ್ನ ರಾಷ್ಟ್ರೀಯ ಪಟ್ಟಿಗೆ 2011ರ ಸಾಲಿನಲ್ಲಿ ಕೋಟಿನ ಹಾಡನ್ನು ಸೇರಿಸಿತು.

ಉಳಿದ ಒಂಬತ್ತು ಹಾಡುಗಳು

1971ರ ಅಕ್ಟೋಬರ್‌ನಲ್ಲಿ ಬಂದ ಈ ಆಲ್ಬಂನಲ್ಲಿ ಹತ್ತು ಹಾಡುಗಳಿವೆ, ಒಟ್ಟು ಅವಧಿ ಸುಮಾರು 27 ನಿಮಿಷ. ಏಳು ಹಾಡುಗಳನ್ನು ಡಾಲಿ ಬರೆದಿದ್ದಾರೆ, ಮೂರನ್ನು ವ್ಯಾಗನರ್. ಮೊದಲ ಹಾಡು ಮುಗಿದ ಕೂಡಲೇ ಕಣ್ಣೊರೆಸಿಕೊಂಡು ಆಲ್ಬಂ ನಿಲ್ಲಿಸುವವರು ಕಳೆದುಕೊಳ್ಳುವುದು ಬಹಳ.

ಎರಡನೆಯ ಹಾಡಾದ ‘ಟ್ರಾವೆಲಿಂಗ್ ಮ್ಯಾನ್’ ಊರೂರು ಸುತ್ತಿ ಸರಕು ಮಾರುವವನ ಮೇಲೆ ಮನಸ್ಸಿಟ್ಟ ಹುಡುಗಿಯೊಬ್ಬಳದು. ತಾಯಿಗೆ ಅವನನ್ನು ಕಂಡರಾಗದು ಎಂದುಕೊಂಡು ಅವಳು ಗುಟ್ಟಾಗಿ ಓಡಿಹೋಗುವ ಸಿದ್ಧತೆ ಮಾಡುತ್ತಾಳೆ. ಕೊನೆಗೆ ಅವನ ಜೊತೆ ಓಡಿಹೋಗುವವಳು ತಾಯಿಯೇ. ಮೂರು ನಿಮಿಷದ ಹಿಂದೆ ಪ್ರತಿ ಹೊಲಿಗೆಯಲ್ಲಿಯೂ ಪ್ರೀತಿ ತುಂಬಿದ ತಾಯಿಯ ಸ್ಥಾನದಲ್ಲಿ, ಮಗಳ ಪ್ರಿಯಕರನನ್ನೇ ಹಾರಿಸಿಕೊಂಡು ಹೋಗುವ ತಾಯಿ. ಈ ಎರಡು ಹಾಡುಗಳನ್ನು ಒಂದರ ಬೆನ್ನಿಗೊಂದು ಜೋಡಿಸಿದವರ ಮನಸ್ಸಿನಲ್ಲಿ ತುಂಟತನವಿತ್ತೋ ಇಲ್ಲವೋ, ಕೇಳುವವರಿಗೆ ಮಾತ್ರ ಅದು ಕಾಣದೆ ಇರದು. ನಾಲ್ಕನೆಯ ಹಾಡಾದ ‘ಇಫ್ ಐ ಲೂಸ್ ಮೈ ಮೈಂಡ್’ನಲ್ಲಿ ತಾಯಿ ಮೂರನೆಯ ಬಾರಿ ಬರುತ್ತಾಳೆ. ಗಂಡನ ವಿಕೃತ ನಡತೆಯಿಂದ ಜರ್ಜರಿತಳಾದ ಹೆಣ್ಣೊಬ್ಬಳು ತವರಿಗೆ ಮರಳಿ, ತಾನೇಕೆ ಬಂದೆನೆಂದು ತಾಯಿಯ ಮುಂದೆ ಹೇಳಿಕೊಳ್ಳುವ ಹಾಡು ಅದು. 1971ರ ಕಂಟ್ರಿ ಆಲ್ಬಂ ಒಂದರಲ್ಲಿ ಇಷ್ಟು ನೇರವಾಗಿ ಬಂದ ಈ ವಸ್ತು ಇಂದಿಗೂ ಕೇಳುಗರನ್ನು ಬೆಚ್ಚಿಬೀಳಿಸುತ್ತದೆ. ಇದನ್ನು ಬರೆದವರು ವ್ಯಾಗನರ್. ಹಾಡಿನ ಒಳಗಿನ ನಾಚಿಕೆ ಮತ್ತು ಆಯಾಸ ಡಾಲಿ ಅವರ ದನಿಯವು. ಹೀಗೆ ಗ್ರಾಮಫೋನ್ ತಟ್ಟೆಯ ಮೊದಲ ಬದಿಯ ಐದು ಹಾಡುಗಳಲ್ಲಿ ಮೂರು ತಾಯಂದಿರು, ಒಬ್ಬರಂತೆ ಇನ್ನೊಬ್ಬರಿಲ್ಲ. ಇವನ್ನೆಲ್ಲ ಕೇಳಿದ ಮೇಲೆ ಶೀರ್ಷಿಕೆ ಗೀತೆಗೆ ಮರಳಿದರೆ ಆ ಕೋಟಿನ ತಾಯಿ ಕ್ಯಾಲೆಂಡರಿನ ಚಿತ್ರದಂತೆ ಕಾಣುವುದಿಲ್ಲ. ಅನೇಕ ಬಗೆಯ ತಾಯಂದಿರಿರುವ ಲೋಕದಲ್ಲಿ ಒಂದು ಮಗುವಿಗೆ ದೊರೆತ ಅದೃಷ್ಟದಂತೆ ಕಾಣುತ್ತಾಳೆ.

ನಡುವೆ ಬರುವ ‘ಮೈ ಬ್ಲೂ ಟಿಯರ್ಸ್’ ಹಕ್ಕಿಯನ್ನು ದೂರ ಹಾರಿಹೋಗೆಂದು ಬೇಡುವ ಪುಟ್ಟ ವಿರಹಗೀತೆ. ಹಳೆಯ ಬೆಟ್ಟದ ಬ್ಯಾಲಡ್‌ಗಳ ಜಾಡಿನಲ್ಲಿರುವ ಇದನ್ನು ಮೊದಲ ಬಾರಿ ಕೇಳುವವರು ನೂರು ವರ್ಷ ಹಳೆಯ ಜನಪದ ಹಾಡೆಂದೇ ಭಾವಿಸಬಹುದು. ಡಾಲಿ ಇದನ್ನು 2001ರ ‘ಲಿಟಲ್ ಸ್ಪ್ಯಾರೋ’ ಆಲ್ಬಂನಲ್ಲಿ ಮತ್ತೆ ಹಾಡಿದರು. ವ್ಯಾಗನರ್ ಬರೆದ ‘ದ ಮಿಸ್ಟರಿ ಆಫ್ ದ ಮಿಸ್ಟರಿ’ ತತ್ತ್ವ ಹೇಳಲು ಹೋಗಿ ಮಂಕಾಗಿದೆ. ಆಲ್ಬಂನಲ್ಲಿ ದಾಟಿ ಹೋಗಬಹುದಾದ ಹಾಡೊಂದಿದ್ದರೆ ಇದು. ಎರಡನೆಯ ಬದಿಯ ಆರಂಭದಲ್ಲಿರುವ ‘ಶಿ ನೆವರ್ ಮೆಟ್ ಎ ಮ್ಯಾನ್’, ಮತ್ತೊಬ್ಬಳ ಬಲೆಗೆ ಬಿದ್ದಿರುವ ಗಂಡಸಿಗೆ ಹೆಣ್ಣೊಬ್ಬಳು ಹೇಳುವ ಎಚ್ಚರಿಕೆ. ‘ಜೋಲೀನ್’ನಲ್ಲಿ ಪ್ರತಿಸ್ಪರ್ಧಿಯನ್ನೇ ಅಂಗಲಾಚುವ ಹೆಣ್ಣನ್ನು ಕೇಳಿದವರು ಈ ಹಾಡನ್ನೂ ತಪ್ಪದೆ ಕೇಳಬೇಕು, ಅದೇ ತ್ರಿಕೋನವನ್ನು ಇನ್ನೊಂದು ಮೂಲೆಯಿಂದ, ಹೆಚ್ಚು ಕಹಿಯಾಗಿ ನೋಡಿದ ಹಾಡು ಇದು. ‘ಹಿಯರ್ ಐ ಆಮ್’ ಚರ್ಚಿನ ಗಾನದ ಬಿಸಿಯುಳ್ಳ ಪ್ರೇಮಗೀತೆ. ಸುಮಾರು ಅರ್ಧ ಶತಮಾನದ ನಂತರ, 2018ರ ‘ಡಂಪ್ಲಿನ್’ ಚಿತ್ರಕ್ಕಾಗಿ ಡಾಲಿ ಇದನ್ನು ಗಾಯಕಿ ಸಿಯಾ ಜೊತೆ ಮತ್ತೆ ಹಾಡಿದಾಗ ಹೊಸ ತಲೆಮಾರಿನವರು ಹೊಸ ಹಾಡೆಂದೇ ತಿಳಿದಿದ್ದರೆ ಆಶ್ಚರ್ಯವಿಲ್ಲ.

ಒಂದೇ ಬಡತನ, ಮೂರು ಹಾಡು

ಈ ನಾಲ್ಕು ಆಲ್ಬಂಗಳಲ್ಲಿ ಆಯ್ಕೆ ಮಾಡಿಕೊಳ್ಳಲು ಅತ್ಯುತ್ತಮ ವಿಧಾನವೆಂದರೆ, ಬಡತನದ ಬಾಲ್ಯವನ್ನು ಕುರಿತ ಮೂರು ಹಾಡುಗಳನ್ನು ಒಂದೇ ಕೂಟದಲ್ಲಿ ಕೇಳುವುದು. ಮೊದಲನೆಯದು ಕೋಟಿನ ಹಾಡು. ಎರಡನೆಯದು ‘ಮೈ ಟೆನೆಸೀ ಮೌಂಟನ್ ಹೋಮ್’ ಆಲ್ಬಂನಲ್ಲಿರುವ ‘ಇನ್ ದ ಗುಡ್ ಓಲ್ಡ್ ಡೇಸ್’. ಮೂರನೆಯದು ಲೊರೆಟ್ಟಾ ಲಿನ್ ಅವರ ‘ಕೋಲ್ ಮೈನರ್ಸ್ ಡಾಟರ್’.

‘ಇನ್ ದ ಗುಡ್ ಓಲ್ಡ್ ಡೇಸ್’ ಕೋಟಿನ ಹಾಡಿಗೆ ಡಾಲಿ ಅವರೇ ಬರೆದಿಟ್ಟಿದ್ದ ಮರುಮಾತಿನಂತಿದೆ. ವಾಸ್ತವವಾಗಿ ಅದು ಕೋಟಿನ ಹಾಡಿಗಿಂತ ಮೊದಲು ಬಂದದ್ದು, 1973ರಲ್ಲಿ ಅದನ್ನು ಮತ್ತೆ ಹಾಡಿದರು. ಇಲ್ಲಿ ಆಲಿಕಲ್ಲು ಬೆಳೆಯನ್ನು ಹೊಡೆಯುತ್ತದೆ, ದುಡಿದು ದುಡಿದು ತಂದೆಯ ಕೈ ಒಡೆದು ರಕ್ತ ಬರುತ್ತದೆ, ಕಾಯಿಲೆ ಬಿದ್ದ ತಾಯಿಗೆ ವೈದ್ಯರಿಲ್ಲ. ಆ ದಿನಗಳ ನೆನಪನ್ನು ಎಷ್ಟು ಹಣ ಕೊಟ್ಟರೂ ಮಾರುವುದಿಲ್ಲ, ಆದರೆ ಎಷ್ಟು ಹಣ ಕೊಟ್ಟರೂ ಆ ದಿನಗಳನ್ನು ಮತ್ತೊಮ್ಮೆ ಬದುಕುವುದಿಲ್ಲ ಎಂಬುದು ಅದರ ತಿರುಳು. ಬಡತನವನ್ನು ಹಾಡುವ ಯಾವ ಭಾಷೆಯ ಕವಿಗೂ ಈ ಎರಡು ಮಾತುಗಳನ್ನು ಒಟ್ಟಿಗೆ ಹೇಳುವ ಧೈರ್ಯ ಸುಲಭವಾಗಿ ಬಾರದು. ಒಂದನ್ನು ಹೇಳಿದರೆ ಹಳಹಳಿಕೆ, ಇನ್ನೊಂದನ್ನು ಮಾತ್ರ ಹೇಳಿದರೆ ದೂರು.

ಲೊರೆಟ್ಟಾ ಲಿನ್ ಅವರ ಹಾಡಿನ ರೀತಿ ಬೇರೆ. ಅವರು ಹುಟ್ಟಿದ್ದು 1932ರಲ್ಲಿ ಕೆಂಟಕಿಯ ಬುಚರ್ ಹಾಲೋದಲ್ಲಿ; ಅವರ ತಂದೆ ವ್ಯಾನ್ ಲಿಯರ್‌ನ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ಡಾಲಿ ಒಂದು ಘಟನೆಯನ್ನು ಹಿಡಿದು ಕಥೆ ಕಟ್ಟುತ್ತಾರೆ. ಲೊರೆಟ್ಟಾ ಮನೆಯೊಳಗಿನ ಒಂದೊಂದನ್ನೂ ಬೆರಳಿಟ್ಟು ತೋರಿಸುತ್ತ ಹೋಗುತ್ತಾರೆ. ರಾತ್ರಿ ಗಣಿಯಲ್ಲಿ ದುಡಿದು ಹಗಲು ಮೆಕ್ಕೆಜೋಳದ ಹೊಲ ಕೆದಕುವ ತಂದೆ, ಬಟ್ಟೆ ಉಜ್ಜಿ ಉಜ್ಜಿ ಬೆರಳು ಒಡೆದುಕೊಂಡ ತಾಯಿ, ಸೀಮೆಎಣ್ಣೆಯ ದೀಪದಲ್ಲಿ ಬೈಬಲ್ ಓದುವ ಸಂಜೆ, ಹಂದಿ ಮಾರಿದ ದುಡ್ಡಿನಲ್ಲಿ ಚಳಿಗಾಲಕ್ಕೆ ಅಂಚೆಯ ಮೂಲಕ ತರಿಸಿದ ಶೂ. ಇದರಲ್ಲಿ ಯಾರೂ ನಗುವುದಿಲ್ಲ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಡಾಲಿ ಅವರ ಹಾಡಿನ ಮಗು ತನ್ನ ಶ್ರೀಮಂತಿಕೆಯನ್ನು ವಾದಿಸಿ ಸಾಧಿಸಲು ಹೊರಟರೆ, ಲೊರೆಟ್ಟಾ ತಾನು ಯಾರ ಮಗಳೆಂದು ಹೇಳಿ ಸುಮ್ಮನಾಗುತ್ತಾರೆ. ಬ್ಯಾಂಜೋ ಹಿಂದಿನಿಂದ ನೂಕುತ್ತಿರುತ್ತದೆ, ಹಾಡು ಮುಂದುವರಿದಂತೆ ಶ್ರುತಿ ಏರುತ್ತದೆ, ದನಿಯಲ್ಲಿ ಮಾತ್ರ ಕಣ್ಣೀರಿನ ಕುರುಹಿಲ್ಲ. ಮೂಲದಲ್ಲಿ ಹಾಡು ಬಹಳ ಉದ್ದವಿತ್ತು. ನಿರ್ಮಾಪಕ ಓವೆನ್ ಬ್ರ್ಯಾಡ್ಲಿ ಹೇಳಿದ್ದರಿಂದ ಲೊರೆಟ್ಟಾ ಹಲವು ಚರಣಗಳನ್ನು ತೆಗೆದುಹಾಕಿದರು.

ಈ ಮೂರರಲ್ಲಿ ಯಾವುದು ನಿಮ್ಮನ್ನು ಹೆಚ್ಚು ಹಿಡಿಯುತ್ತದೆಯೋ ಅದರ ಆಲ್ಬಂನಿಂದ ಆರಂಭಿಸಿ ಎನ್ನಬಹುದಿತ್ತು. ಆದರೆ ಒಂದು ಎಚ್ಚರಿಕೆ ಅಗತ್ಯ. ‘ಕೋಲ್ ಮೈನರ್ಸ್ ಡಾಟರ್’ ಹಾಡು 1970ರ ಡಿಸೆಂಬರ್‌ನಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು, ಅದೇ ಹೆಸರಿನ ಆತ್ಮಕಥೆಯೂ 1980ರ ಚಲನಚಿತ್ರವೂ ಬಂದು ಅದು ಲೊರೆಟ್ಟಾ ಅವರ ಎರಡನೆಯ ಹೆಸರೇ ಆಯಿತು. ಆಲ್ಬಂ ಮಾತ್ರ ಆ ಹಾಡಿನ ವಿಸ್ತರಣೆಯಲ್ಲ. ಅಂದಿನ ನ್ಯಾಶ್‌ವಿಲ್‌ನ ವಾಡಿಕೆಯಂತೆ ಒಂದು ಗೆದ್ದ ಹಾಡಿನ ಸುತ್ತ ಇತರರ ಗೆದ್ದ ಹಾಡುಗಳನ್ನು ಜೋಡಿಸಿದ ಕಟ್ಟು ಅದು: ಕಾನ್ವೇ ಟ್ವಿಟ್ಟಿ ಅವರ ‘ಹಲೋ ಡಾರ್ಲಿನ್’, ಕ್ರಿಸ್ ಕ್ರಿಸ್ಟಾಫರ್ಸನ್ ಅವರ ‘ಫಾರ್ ದ ಗುಡ್ ಟೈಮ್ಸ್’, ಆ್ಯನ್ ಮರ‍್ರೇ ಜನಪ್ರಿಯಗೊಳಿಸಿದ್ದ ‘ಸ್ನೋಬರ್ಡ್’. ಲೊರೆಟ್ಟಾ ಅವರ ಕಂಠ ಕೇಳುವುದೇ ಗುರಿಯಾಗಿದ್ದರೆ ಅಡ್ಡಿಯಿಲ್ಲ, ಎಲ್ಲವನ್ನೂ ಸ್ವಂತದ್ದೆಂಬಂತೆ ಹಾಡಿದ್ದಾರೆ. ಬರಹಗಾರ್ತಿಯಾದ ಲೊರೆಟ್ಟಾ ಅವರನ್ನು ಹುಡುಕಿ ಹೊರಟವರಿಗೆ ಈ ಆಲ್ಬಂ ಅರ್ಧ ಊಟ.

ಬೆಟ್ಟದ ಮನೆ

‘ಮೈ ಟೆನೆಸೀ ಮೌಂಟನ್ ಹೋಮ್’ ಇದಕ್ಕೆ ತದ್ವಿರುದ್ಧ. ಹನ್ನೊಂದು ಹಾಡುಗಳೂ ಡಾಲಿ ಅವರದೇ, ಎಲ್ಲವೂ ಒಂದೇ ವಸ್ತುವಿನ ಸುತ್ತ. ಆಲ್ಬಂ ಆರಂಭವಾಗುವುದು ಹಾಡಿನಿಂದಲ್ಲ, ಪತ್ರದಿಂದ. ನ್ಯಾಶ್‌ವಿಲ್‌ಗೆ ಹೋದ ಹೊಸತರಲ್ಲಿ ತಂದೆ ತಾಯಿಗೆ ಬರೆದ ಪತ್ರವನ್ನು ಡಾಲಿ ಓದುತ್ತಾರೆ. ಹದಿನೆಂಟರ ಹುಡುಗಿಯ ಮನೆಯ ನೆನಪು ಅದರಲ್ಲಿದೆ, ಸೋತು ಹಿಂದಿರುಗುವುದಿಲ್ಲವೆಂಬ ಹಟವೂ ಇದೆ. ಕೊನೆಯ ಹಾಡಾದ ‘ಡೌನ್ ಆನ್ ಮ್ಯೂಸಿಕ್ ರೋ’ ಆ ಹುಡುಗಿ ನ್ಯಾಶ್‌ವಿಲ್‌ನ ಸಂಗೀತ ಬೀದಿಯಲ್ಲಿ ಬಾಗಿಲು ಬಾಗಿಲು ತಟ್ಟಿ, ಕೊನೆಗೆ ಅವಕಾಶ ಪಡೆದ ಕಥೆ. ಈ ಎರಡರ ನಡುವೆ ತಂದೆಯ ಬೂಟುಗಳು, ಮಸಿ ಹಿಡಿದ ಹಳೆಯ ಕೆಟಲ್, ಬೆಟ್ಟದ ಮನೆಯ ಜಗಲಿ. ಡಾಲಿ ಹುಟ್ಟಿದಾಗ ಹೆರಿಗೆ ಮಾಡಿಸಿದ ವೈದ್ಯ ಡಾ. ರಾಬರ್ಟ್ ಎಫ್. ಥಾಮಸ್ ಅವರ ಹೆಸರಿನಲ್ಲಿಯೇ ಒಂದು ಹಾಡಿದೆ. ಆ ಹೆರಿಗೆಗೆ ಕೊಟ್ಟ ಶುಲ್ಕ ಒಂದು ಚೀಲ ಮೆಕ್ಕೆಜೋಳದ ಹಿಟ್ಟು. ಹೊದಿಕೆಯ ಮೇಲೆ ಗಾಯಕಿಯ ಮುಖವಿಲ್ಲ, ಕುಟುಂಬ ವಾಸವಾಗಿದ್ದ ಹಳೆಯ ಮರದ ಮನೆಯ ಚಿತ್ರವಿದೆ. ತಾರೆಯ ಮುಖವೇ ಮಾರಾಟದ ಬಂಡವಾಳವಾಗಿದ್ದ ಕಾಲದಲ್ಲಿ ಅದು ಗಟ್ಟಿ ನಿರ್ಧಾರ.

ವಸ್ತುವಿನ ಐಕ್ಯ ಬಯಸುವವರಿಗೆ ಇದಕ್ಕಿಂತ ಉತ್ತಮ ಆಯ್ಕೆಯಿಲ್ಲ. ಊರು ಬಿಟ್ಟು ನಗರದಲ್ಲಿ ನೆಲೆಸಿದವರಿಗೆ, ಅದರಲ್ಲಿಯೂ ಮನೆಗೆ ಪತ್ರ ಬರೆಯುವ ಕಾಲವನ್ನು ಕಂಡವರಿಗೆ, ಮೊದಲ ಎರಡು ನಿಮಿಷಗಳೇ ಸಾಕಾಗಬಹುದು. ಆದರೆ ಆ ಐಕ್ಯಕ್ಕೆ ತೆರಬೇಕಾದ ಬೆಲೆಯೂ ಇದೆ. ನೆನಪಿನ ಮೇಲೆ ನೆನಪು ಪೇರಿಸಿದಾಗ ಐದಾರು ಹಾಡುಗಳ ನಂತರ ಸಿಹಿ ಹೆಚ್ಚಾದಂತೆ ಅನಿಸುತ್ತದೆ. ‘ಇನ್ ದ ಗುಡ್ ಓಲ್ಡ್ ಡೇಸ್’ ಬಂದು ಆ ಸಿಹಿಗೆ ಖಾರ ಬೆರೆಸದಿದ್ದರೆ ಆಲ್ಬಂ ನಿಲ್ಲುತ್ತಿರಲಿಲ್ಲ. ಅಲ್ಲದೆ ಇಲ್ಲಿ ಮಾತಾಡುವವಳು ಒಬ್ಬಳೇ. ‘ಕೋಟ್’ ಆಲ್ಬಂನಲ್ಲಿ ಮಗು, ಮೋಸಹೋದ ಪ್ರೇಮಿ, ನೊಂದ ಹೆಂಡತಿ, ಕಹಿಯುಂಡ ಹೆಣ್ಣು, ಎಲ್ಲರಿಗೂ ಡಾಲಿ ದನಿ ಕೊಟ್ಟಿದ್ದಾರೆ. ಒಂದು ಆತ್ಮಕಥನ, ಇನ್ನೊಂದು ಕಥಾಸಂಕಲನ. ಮರುಓದಿಗೆ ಕಥಾಸಂಕಲನ ಹೆಚ್ಚು ಒದಗುತ್ತದೆ ಎಂಬುದು ನನ್ನ ಅನುಭವ. ಇದಕ್ಕೆ ವಿರುದ್ಧವಾದ ಅಭಿರುಚಿಯುಳ್ಳವರು ಧಾರಾಳವಾಗಿ ಬೆಟ್ಟದ ಮನೆಯನ್ನೇ ಆರಿಸಿಕೊಳ್ಳಲಿ.

ಜೋಲೀನ್: ಎರಡು ಶಿಖರ, ನಡುವೆ ಬಯಲು

‘ಜೋಲೀನ್’ ಬಗ್ಗೆ ಎಲ್ಲರಿಗೂ ತಿಳಿದಿರುವುದನ್ನು ಬೇಗ ಹೇಳಿ ಮುಗಿಸಬಹುದು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಕೆಂಗೂದಲ ಹೆಣ್ಣೊಬ್ಬಳು ಡಾಲಿ ಅವರ ಪತಿ ಕಾರ್ಲ್ ಡೀನ್ ಅವರಲ್ಲಿ ತೋರಿದ ಆಸಕ್ತಿ ಹಾಡಿನ ಬೀಜ. ಹೆಸರು ಮಾತ್ರ ಹಸ್ತಾಕ್ಷರ ಕೇಳಲು ಬಂದ ಪುಟ್ಟ ಹುಡುಗಿಯೊಬ್ಬಳದು. ಪಲ್ಲವಿಯಲ್ಲಿ ಆ ಹೆಸರನ್ನು ನಾಲ್ಕು ಬಾರಿ ಕರೆಯುವಾಗ ಪ್ರತಿ ಬಾರಿಯೂ ಸ್ವರ ಬದಲಾಗುತ್ತದೆ, ಅಂಗಲಾಚುವಿಕೆ ಏರುತ್ತದೆ. ಪ್ರತಿಸ್ಪರ್ಧಿಯನ್ನು ಬೈಯದೆ ಅವಳ ಸೌಂದರ್ಯವನ್ನು ಹೊಗಳುತ್ತಲೇ ಬೇಡಿಕೊಳ್ಳುವ ಈ ಹೆಣ್ಣಿನ ದೌರ್ಬಲ್ಯವೇ ಹಾಡಿನ ಬಲ. 1974ರ ಫೆಬ್ರುವರಿಯಲ್ಲಿ ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ಆ ತಟ್ಟೆಯನ್ನು ಯಾರೋ 33 ಸುತ್ತಿನ ವೇಗದಲ್ಲಿ ತಿರುಗಿಸಿದಾಗ ಕೇಳಿಬಂದ ಭಾರವಾದ, ಗಂಡುದನಿಯ ‘ಜೋಲೀನ್’ ಅಂತರಜಾಲದಲ್ಲಿ ಹರಿದಾಡಿದ್ದನ್ನು ಹಲವರು ಕೇಳಿರಬಹುದು. ಅಷ್ಟು ನಿಧಾನಗೊಳಿಸಿದರೂ ಹಾಡು ಕುಸಿಯಲಿಲ್ಲ ಎಂಬುದು ರಚನೆಯ ಗಟ್ಟಿತನಕ್ಕೆ ವಿಚಿತ್ರವಾದರೂ ಒಳ್ಳೆಯ ಸಾಕ್ಷಿ.

ಎರಡನೆಯ ಬದಿಯ ಮೊದಲ ಹಾಡು ‘ಐ ವಿಲ್ ಆಲ್ವೇಸ್ ಲವ್ ಯೂ’. ವ್ಯಾಗನರ್ ಅವರ ಕಾರ್ಯಕ್ರಮ ಬಿಟ್ಟು ಸ್ವತಂತ್ರವಾಗಿ ಹೊರಡಲು ನಿರ್ಧರಿಸಿದ ಡಾಲಿ, ವಾದ ಮಾಡಿ ಪ್ರಯೋಜನವಿಲ್ಲವೆಂದು ತಿಳಿದು ಅವರಿಗೆ ವಿದಾಯವಾಗಿ ಬರೆದ ಹಾಡು. ಎಲ್ವಿಸ್ ಪ್ರೆಸ್ಲಿ ಇದನ್ನು ಹಾಡಲು ಬಯಸಿದಾಗ ಅವರ ವ್ಯವಸ್ಥಾಪಕ ಕರ್ನಲ್ ಟಾಮ್ ಪಾರ್ಕರ್ ಹಾಡಿನ ಗಳಿಕೆ ತರುವ ಪ್ರಕಟಣೆಯ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದರು, ಡಾಲಿ ಒಪ್ಪಲಿಲ್ಲ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ‘ದ ಬಾಡಿಗಾರ್ಡ್’ ಚಿತ್ರಕ್ಕಾಗಿ ಹಾಡಿ ಅದು ಅಮೆರಿಕದ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿ ನಿಂತಾಗ ಆ ನಿರಾಕರಣೆಯ ಬೆಲೆ ಲೋಕಕ್ಕೆ ತಿಳಿಯಿತು. ವಿಟ್ನಿ ಅವರ ಗಾಯನದ ನಂತರ ಮೂಲಕ್ಕೆ ಬರುವವರಿಗೆ ಮೊದಲು ನಿರಾಶೆಯಾಗುವುದುಂಟು, ಏಕೆಂದರೆ ಇಲ್ಲಿ ಏರಿಲ್ಲ, ಗರ್ಜನೆಯಿಲ್ಲ. ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿ ಹೋಗುವ ಮಾತು ಅದು. ಎರಡನೆಯ ಚರಣದ ನಂತರ ಡಾಲಿ ಹಾಡುವುದನ್ನು ನಿಲ್ಲಿಸಿ ಹಾರೈಕೆಯನ್ನು ಮಾತಿನಲ್ಲಿಯೇ ಹೇಳುತ್ತಾರೆ; ಮೂಲದ ಮರ್ಮ ಅಲ್ಲಿದೆ.

ಈ ಎರಡು ಹಾಡುಗಳನ್ನು ತಾವು ಒಂದೇ ದಿನ ಬರೆದಿರಬಹುದೆಂದು ಡಾಲಿ ಅವರೇ ಹೇಳಿಕೊಂಡಿದ್ದಾರೆ. ಆದರೆ ಉಳಿದ ಎಂಟು? ವ್ಯಾಗನರ್ ಬರೆದ ‘ಲೋನ್ಲಿ ಕಮಿನ್ ಡೌನ್’ ಚೆನ್ನಾಗಿದೆ. ‘ರಿವರ್ ಆಫ್ ಹ್ಯಾಪಿನೆಸ್’, ‘ಹೈಲೈಟ್ ಆಫ್ ಮೈ ಲೈಫ್’ ಹಿತವಾಗಿ ಹರಿದು ಹೋಗುತ್ತವೆ, ಹಿಂದೆ ಏನನ್ನೂ ಉಳಿಸುವುದಿಲ್ಲ. ಎರಡು ಶಿಖರಗಳನ್ನು ನೋಡಲು ಬಂದವರಿಗೆ ನಡುವಿನ ಬಯಲು ದೀರ್ಘವೆನಿಸಿದರೆ ತಪ್ಪು ಅವರದಲ್ಲ.

ಒಂದು ಸಣ್ಣ ಪರೀಕ್ಷೆಯನ್ನು ಸೂಚಿಸಬಹುದು. ‘ಅರ್ಲಿ ಮಾರ್ನಿಂಗ್ ಬ್ರೀಜ್’ ಎಂಬ ಮುಂಜಾವಿನ ಹಾಡು ‘ಕೋಟ್’ನಲ್ಲಿಯೂ ಇದೆ, ಮತ್ತೆ ಹಾಡಲ್ಪಟ್ಟು ‘ಜೋಲೀನ್’ನಲ್ಲಿಯೂ ಇದೆ. ‘ಜೋಲೀನ್’ನಲ್ಲಿ ಅದು ‘ರಿವರ್ ಆಫ್ ಹ್ಯಾಪಿನೆಸ್’ ನಂತರ ಬರುತ್ತದೆ. ಸಂತೋಷದ ಮೇಲೆ ಸಂತೋಷ. ‘ಕೋಟ್’ನಲ್ಲಿ ಅದು ಬರುವುದು ‘ಶಿ ನೆವರ್ ಮೆಟ್ ಎ ಮ್ಯಾನ್’ನ ಕಹಿಯ ಬೆನ್ನಿಗೆ. ರಾತ್ರಿಯಿಡೀ ಯಾರನ್ನೋ ಶಪಿಸಿದವಳು ಬೆಳಗಿನ ಜಾವ ಬಾಗಿಲು ತೆರೆದು ಹುಲ್ಲುಗಾವಲಿಗೆ ಇಳಿದಂತೆ ಅಲ್ಲಿ ಆ ಹಾಡು ತೆರೆದುಕೊಳ್ಳುತ್ತದೆ. ಹಾಡು ಅದೇ, ನೆರೆಹೊರೆ ಬೇರೆ. ಆಲ್ಬಂ ಎಂಬುದು ಹಾಡುಗಳ ಗಂಟಲ್ಲ, ಅನುಕ್ರಮ ಎಂದು ನಂಬುವವರು ಎರಡನ್ನೂ ಹೀಗೆ ಅವುಗಳ ಜಾಗದಲ್ಲಿಯೇ ಕೇಳಿ ತಾವೇ ನಿರ್ಧರಿಸಬಹುದು.

ಯಾರಿಗೆ ಯಾವುದು, ಯಾವ ರೂಪದಲ್ಲಿ

ಕಾರಿನಲ್ಲಿ ಜೊತೆಗಿರುವವರೊಡನೆ ದನಿಗೂಡಿಸಲು ಬೇಕೆಂದರೆ ‘ಜೋಲೀನ್’. ಮನೆಯ ಹಿರಿಯರೊಡನೆ ಕುಳಿತು ಕೇಳಲು, ಇಂಗ್ಲಿಷ್ ಹಾಡಿನ ಸಾಹಿತ್ಯವನ್ನು ಬಿಡಿಸಿ ಹೇಳಲು ‘ಮೈ ಟೆನೆಸೀ ಮೌಂಟನ್ ಹೋಮ್’ ಹೆಚ್ಚು ಅನುಕೂಲ. ವಸ್ತುಗಳೆಲ್ಲ ಪರಿಚಿತ, ಉಚ್ಚಾರ ನಿಧಾನ. ಸಿನಿಮಾ ನೋಡಿ ಬಂದವರಿಗೆ ‘ಕೋಲ್ ಮೈನರ್ಸ್ ಡಾಟರ್’. ಒಬ್ಬರೇ ಕುಳಿತು, ಬೇರೆ ಕೆಲಸ ಬದಿಗಿಟ್ಟು, ಅರ್ಧ ಗಂಟೆ ಕೊಡಬಲ್ಲವರಿಗೆ ‘ಕೋಟ್ ಆಫ್ ಮೆನಿ ಕಲರ್ಸ್’. ರೋಲಿಂಗ್ ಸ್ಟೋನ್ ಪತ್ರಿಕೆಯ 500 ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಇದು 2003ರಲ್ಲಿ 299ನೆಯದಾಗಿತ್ತು, 2020ರಲ್ಲಿ 257ನೆಯದಾಯಿತು. ಅಂಥ ಪಟ್ಟಿಗಳನ್ನು ಹೆಚ್ಚು ನೆಚ್ಚಬೇಕಾಗಿಲ್ಲ, ಆದರೆ ಹಳೆಯದಾಗುತ್ತ ಹೋದಂತೆ ಮೇಲೇರಿದ್ದನ್ನು ಗಮನಿಸಬಹುದು.

ರೂಪದ ವಿಷಯಕ್ಕೆ ಬಂದರೆ, ಹಳೆಯ ಎಲ್‌ಪಿ ಹುಡುಕುವವರು ಎಲ್‌ಎಸ್‌ಪಿ-4603 ಎಂಬ ಸಂಖ್ಯೆಯನ್ನೂ, ಚಿಂದಿಯ ಕೋಟು ತೊಟ್ಟ ಪುಟ್ಟ ಡಾಲಿಯ ಚಿತ್ರವಿರುವ ಹೊದಿಕೆಯನ್ನೂ ಗುರುತಿಟ್ಟುಕೊಳ್ಳಬೇಕು. ಆ ಕಾಲದಲ್ಲಿ ಆರ್‌ಸಿಎ ‘ಡೈನಾಫ್ಲೆಕ್ಸ್’ ಎಂಬ ಹೆಸರಿನಲ್ಲಿ ತೆಳ್ಳನೆಯ, ಬಾಗುವ ತಟ್ಟೆಗಳನ್ನು ತಯಾರಿಸುತ್ತಿತ್ತು. ಕೈಗೆ ಹಗುರವೆನಿಸಿದ ಮಾತ್ರಕ್ಕೆ ನಕಲಿಯೆಂದು ತಿಳಿಯಬೇಕಾಗಿಲ್ಲ. ಎಲ್‌ಪಿಯ ನಿಜವಾದ ಲಾಭ ಬದಿ ತಿರುಗಿಸುವ ವಿರಾಮದಲ್ಲಿದೆ. ‘ದ ಮಿಸ್ಟರಿ ಆಫ್ ದ ಮಿಸ್ಟರಿ’ ಮುಗಿದು ಎದ್ದು ಹೋಗಿ ತಟ್ಟೆ ತಿರುಗಿಸುವಷ್ಟರಲ್ಲಿ ಮೊದಲ ಬದಿಯ ಮೂವರು ತಾಯಂದಿರು ಮನಸ್ಸಿನಲ್ಲಿ ನೆಲೆಗೊಳ್ಳುತ್ತಾರೆ.

2007ರಲ್ಲಿ ಡಾಲಿ ಅವರ ಈ ಮೂರೂ ಆಲ್ಬಂಗಳನ್ನು ಧ್ವನಿ ಪರಿಷ್ಕರಿಸಿ, ಹೆಚ್ಚುವರಿ ಹಾಡುಗಳೊಂದಿಗೆ ಸಿ.ಡಿ.ಯಾಗಿ ಮತ್ತೆ ಹೊರತರಲಾಯಿತು. ಮಿತವ್ಯಯದ ದೃಷ್ಟಿಯಿಂದಲೂ ಧ್ವನಿಯ ಸ್ವಚ್ಛತೆಯ ದೃಷ್ಟಿಯಿಂದಲೂ ಹೆಚ್ಚಿನವರಿಗೆ ಇದೇ ಸೂಕ್ತ. ‘ಕೋಟ್’ನ ಆ ಆವೃತ್ತಿಯಲ್ಲಿ ‘ಮೈ ಬ್ಲೂ ಟಿಯರ್ಸ್’ನ ಅಕೂಸ್ಟಿಕ್ ರೂಪವೂ ಇದೆ, ವಾದ್ಯಗಳ ಹೊದಿಕೆ ತೆಗೆದ ಮೇಲೆ ಆ ಹಾಡು ಎಷ್ಟು ಹಳೆಯ ಬೇರಿನದೆಂದು ತಿಳಿಯಲು ಅದನ್ನು ಕೇಳಲೇಬೇಕು, ಆದರೆ ಬೇರೊಂದು ದಿನ. ಸ್ಟ್ರೀಮಿಂಗ್ ಸೇವೆಯಲ್ಲಿ ಹತ್ತಕ್ಕಿಂತ ಹೆಚ್ಚು ಹಾಡುಗಳು ಕಂಡರೆ ಅದು ವಿಸ್ತರಿಸಿದ ಆವೃತ್ತಿಯೆಂದು ತಿಳಿಯಿರಿ. ಹಾಡುಗಳನ್ನು ಹಿಂದುಮುಂದು ಮಾಡುವ ಷಫಲ್ ಗುಂಡಿಯನ್ನು ಮೊದಲು ಆಫ್ ಮಾಡಿ, ಹತ್ತನೆಯ ಹಾಡಾದ ‘ಎ ಬೆಟರ್ ಪ್ಲೇಸ್ ಟು ಲಿವ್’ ಮುಗಿದೊಡನೆ ಕೈಯಾರೆ ನಿಲ್ಲಿಸಿ.